ಎದುರು ಮನೆಯ ಬೀಗ

ಕಡೂರಿನ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮನೆಯೊಳಗೆ ಜನ ಇದ್ದರೂ ಮುಂಬಾಗಿಲಿಗೆ ಹೊರಗಿನಿಂದ ಬೀಗ ತೂಗುತ್ತಿತ್ತು. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಹೆಂಗಸರು ಮುಂದೆ ಬೀಗ ಹಾಕಿ, ಸಂದಿಯಲ್ಲಿ ಸುತ್ತಿ ಹೋಗಿ, ಹಿಂಬಾಗಿಲಿನಿಂದ ಒಳಗೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ಸರ ಕೀಳುವವರು, ಪಾತ್ರೆಗೆ ಪಾಲಿಶ್ ಹಾಕುತ್ತೇವೆಂದು ಬರುವವರು, ಚಂದಾ ಕೇಳುವವರು ಎಲ್ಲರೂ ಬೀಗ ನೋಡಿ ಮುಂದಕ್ಕೆ ಹೋಗಲಿ ಎಂದು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿತಿದ್ದರು. ನಮಗೆ ಮಾತ್ರ ಇದು ಗೊತ್ತಿರಲಿಲ್ಲ. ಬೀಗ ಕಂಡರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ನಾನೂ ನನ್ನ ತಂಗಿಯೂ ತಿಳಿದಿದ್ದೆವು. ನನಗೆ ನಿಜ ಗೊತ್ತಾಗುವ ಹೊತ್ತಿಗೆ ತಂಗಿ ಇರಲಿಲ್ಲ.

ನಾವು ಅಜ್ಜಂಪುರದವರು. ನನಗೆ ಮದುವೆಯಾಗಿ ಮುರಿದಿತ್ತು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ, ಅದೇ ಕಾರಣಕ್ಕೆ ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಕಡೂರಿನ ಒಂದು ಬಟ್ಟೆ ಅಂಗಡಿಯವರು ಬ್ಲೌಸ್ ಹೊಲಿಯುವ ಕೆಲಸ ಕೊಡುತ್ತೇವೆ ಎಂದರು. ಎರಡು ಮೆಷಿನ್ನು ಕಟ್ಟಿಕೊಂಡು ಬಂದು ಈ ಬಾಡಿಗೆ ಮನೆಯಲ್ಲಿ ಇಳಿದೆವು. ನಾನು ಕತ್ತರಿಸಿ ಹೊಲಿಯುತ್ತಿದ್ದೆ. ಅವಳು ಕೈಹೊಲಿಗೆ, ಗುಂಡಿ, ಹುಕ್ಕು. ಬಟ್ಟೆ ಅಂಗಡಿಯಿಂದಲೇ ಬರುತ್ತಿತ್ತು, ಅಂಗಡಿಗೇ ಹೋಗುತ್ತಿತ್ತು. ಹಾಗಾಗಿ ನಮ್ಮ ಮನೆಗೆ ಗಿರಾಕಿಗಳು ಬರುತ್ತಿರಲಿಲ್ಲ, ಬಾಗಿಲಲ್ಲಿ ಬೋರ್ಡೂ ಇರಲಿಲ್ಲ.

ಅಜ್ಜಂಪುರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ತಂಗಿಗೆ ಉಸಿರು ಕಟ್ಟಿದರೆ ನಾನು ಶುಂಠಿ ಜಜ್ಜುವ ಕಲ್ಲಿನಿಂದ ಆ ಗೋಡೆಯನ್ನು ಮೂರು ಸಲ ಕುಟ್ಟುತ್ತಿದ್ದೆ. ಅಷ್ಟೇ ಸಾಕಿತ್ತು. ನಾವು ಚಿಕ್ಕಪ್ಪ ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಉಣ್ಣುವ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬಂದು ಬೈಕು ತೆಗೆಯುತ್ತಿದ್ದರು. ಅವರ ಬೆನ್ನಿಗೆ ತಂಗಿಯನ್ನು ಒರಗಿಸಿ ನಾನು ಹಿಂದೆ ಕೂರುತ್ತಿದ್ದೆ. ಎಷ್ಟು ಸಲ ಹಾಗೆ ಹೋಗಿದ್ದೇವೋ ಲೆಕ್ಕವಿಲ್ಲ. ಕಡೂರಿನ ಮನೆಗೆ ನಾಲ್ಕು ಕಡೆಯೂ ಬೇರೆ ಗೋಡೆ, ಅದರಾಚೆ ಜಾಗ, ಅದರಾಚೆ ಬೇರೆಯವರ ಗೋಡೆ. ಕುಟ್ಟಿದರೆ ನಮ್ಮ ಸುಣ್ಣವೇ ಉದುರಬೇಕು.

ಬಂದ ಮೊದಲ ಸಂಕ್ರಾಂತಿ ಕಳೆದ ಮರುದಿನ ಬೆಳಗ್ಗೆ ತಂಗಿ ಎಳ್ಳು ಬೀರಲು ಹೊರಟಳು. ಊರಿನಲ್ಲಿ ಬೀದಿಯ ಎಲ್ಲ ಮನೆಗೂ ಬೀರಿ ಅಭ್ಯಾಸ. ಎಳ್ಳು, ಬೆಲ್ಲದಚ್ಚು, ಒಂದೊಂದು ಕಬ್ಬಿನ ತುಂಡು, ಎಲ್ಲ ತಟ್ಟೆಯಲ್ಲಿ ಜೋಡಿಸಿ, ಹೊಸ ಸೀರೆ ಉಟ್ಟು ಹೋದವಳು ಸ್ವಲ್ಪ ಹೊತ್ತಿಗೇ ತುಂಬಿದ ತಟ್ಟೆಯೊಡನೆ ಹಿಂದಕ್ಕೆ ಬಂದಳು.

"ನಾಕ್ ಬೀಗಕ್ಕೂ ಎಳ್ಳು ಬೀರ್ ಬಂದೆ ಕಣಕ್ಕ," ಎಂದಳು. "ಒಂದೂ ಬಾಯಿ ಬಿಡ್ಲಿಲ್ಲ."

ಆ ಎಳ್ಳನ್ನು ನಾವಿಬ್ಬರೇ ಹದಿನೈದು ದಿನ ತಿಂದೆವು.

ಮರುವರ್ಷ ಯುಗಾದಿಗೆ ಎರಡು ವಾರ ಇರುವಾಗ, ಬೆಳಗ್ಗೆ ಹನ್ನೊಂದು ಗಂಟೆಗೆ, ತಂಗಿ ಹುಕ್ಕಿನ ಡಬ್ಬಿ ಕೆಳಗಿಟ್ಟು ಎದೆ ಹಿಡಿದುಕೊಂಡಳು. ಉಸಿರಿಗೆ ಎಳೆದುಕೊಳ್ಳುವ ಪಂಪು ಒತ್ತಿದರೂ ಹಿಡಿತಕ್ಕೆ ಬರಲಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅದು ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಹೋಗುತ್ತಿತ್ತು, ಬಿಟ್ಟು ಬರುತ್ತದೆ ಎಂದರು. ಅವಳ ತುಟಿ ನೀಲಿಯಾಗುತ್ತಿತ್ತು. ಎದುರು ಮನೆಯಲ್ಲಿ ಕಾರು ಇತ್ತು. ಮೇಷ್ಟ್ರ ಮನೆ ಅದು. ಅವರು ಚೌಳಹಿರಿಯೂರಿನ ಕಡೆ ಶಾಲೆಗೆ ಬೈಕಿನಲ್ಲಿ ಹೋಗುತ್ತಿದ್ದರು, ಕಾರನ್ನು ಅವರ ಹೆಂಡತಿ ಓಡಿಸುವುದನ್ನು ಭಾನುವಾರಗಳಲ್ಲಿ ನೋಡಿದ್ದೆ. ನಾನು ಓಡಿ ಹೋಗಿ ಗೇಟು ಹಿಡಿದು ಅಲ್ಲಾಡಿಸಿದೆ. ಅವರ ಹೆಸರು ಗೊತ್ತಿರಲಿಲ್ಲ. "ಕಾರಿನೋರೇ, ಕಾರಿನೋರೇ" ಎಂದು ಕೂಗಿದೆ. ಬಾಗಿಲಲ್ಲಿ ಬೀಗ ತೂಗುತ್ತಿತ್ತು. ಎಲ್ಲೋ ಒಂದು ಕುಕ್ಕರ್ ಕೂಗಿತು. ಪಕ್ಕದ ಮನೆಗೆ ಹೋದೆ, ಬೀಗ. ಅದರ ಪಕ್ಕ, ಬೀಗ. ಬೀದಿಯ ತುದಿಯವರೆಗೆ ಓಡಿ, ದೊಡ್ಡ ರಸ್ತೆಗೆ ಹೋಗಿ, ಆಟೋ ಸಿಕ್ಕಿ, ಅದನ್ನು ಮನೆಯ ಮುಂದೆ ತಂದು ನಿಲ್ಲಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, ಇನ್ನೊಂದು ಸ್ವಲ್ಪ ಮೊದಲು ಬಂದಿದ್ದರೆ ಎಂದರು.

ಅಜ್ಜಂಪುರದಲ್ಲಿ ಮಣ್ಣು ಮಾಡಿ, ಹನ್ನೊಂದು ದಿನದ ಕಾರ್ಯ ಮುಗಿಸಿ ನಾನು ಕಡೂರಿಗೆ ವಾಪಸು ಬಂದೆ. ಅಲ್ಲೇ ಇರು ಎಂದು ಊರಿನವರು ಹೇಳಿದರು. ಆದರೆ ಅಂಗಡಿಯವರ ಬಟ್ಟೆ ಅರ್ಧಕ್ಕೆ ನಿಂತಿತ್ತು, ಒಂಬತ್ತು ಬ್ಲೌಸಿಗೆ ಹುಕ್ಕು ಇಡಬೇಕಿತ್ತು. ಅದು ಅವಳ ಕೆಲಸ. ನಾನು ಇಡಲು ಕೂತರೆ ಹುಕ್ಕು ಒಂದು ಕಡೆ, ಕುಣಿಕೆ ಒಂದು ಕಡೆ ಆಗುತ್ತಿತ್ತು.

ಮರುದಿನ ಸಂಜೆ ಎದುರು ಮನೆಯ ಹೆಂಗಸು ಬಾಳೆಹಣ್ಣು ಹಿಡಿದುಕೊಂಡು ಬಂದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮೊದಲ ಸಲ ಅವಳನ್ನು ಹತ್ತಿರದಿಂದ ನೋಡಿದೆ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಿನಾಚೆ ನಿಂತೇ ಮಾತಾಡಿದಳು.

"ಅವತ್ತು ನಾನು ತರೀಕೇರೀಲಿದ್ದೆ, ಅಮ್ಮನ ಮನೇಲಿ," ಎಂದಳು. "ಇದ್ದಿದ್ರೆ ಕಾರಿತ್ತು ನೋಡಿ. ಏನ್ ಮಾಡೋದು ಹೇಳಿ."

ಅವಳು ಹೋದ ಮೇಲೆ ಆ ಮಾತಿನಿಂದ ನನಗೆ ಸ್ವಲ್ಪ ಸಮಾಧಾನವೂ ಆಯಿತು. ಪಾಪ, ಇರಲಿಲ್ಲ, ಇದ್ದಿದ್ದರೆ ಬರುತ್ತಿದ್ದಳು ಎಂದುಕೊಂಡೆ. ನಾಲ್ಕು ದಿನ ಹಾಗೇ ನಂಬಿದ್ದೆ.

ಐದನೇ ದಿನ ಬೆಳಗ್ಗೆ ಕಿಟಕಿಯ ಹತ್ತಿರ ಕೂತು ಒಂದು ಹಸಿರು ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಎದುರು ಮನೆಯ ಬಾಗಿಲಿಗೆ ಬೀಗ ಇತ್ತು. ಆ ಬೀಗದ ಹಿಂದಿನಿಂದ ಕುಕ್ಕರ್ ಕೂಗಿತು. ತಲೆ ಎತ್ತಿದೆ. ಇನ್ನೊಂದು ಸಲ ಕೂಗಿತು. ಮತ್ತೊಂದು ಸಲ. ನಾಲ್ಕನೆಯದಕ್ಕೆ ಕಾದೆ. ಬರಲಿಲ್ಲ. ಯಾರೋ ಒಲೆ ಆರಿಸಿದ್ದರು.

ಕತ್ತರಿ ನಿಲ್ಲಲಿಲ್ಲ, ತೋಳು ಅಡ್ಡಕ್ಕೆ ಹರಿದುಹೋಯಿತು. ಗೇಟು ಹಿಡಿದು ಕೂಗಿದ ದಿನ ಕೇಳಿದ ಕುಕ್ಕರ್ ಇದೇ. ಆಗ ಒಳಗೆ ಯಾರಿದ್ದರು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಆದರೆ ಅವಳ ಬಾಯಿಂದ ಅದನ್ನು ಕೇಳಬೇಕಿತ್ತು. ಕೇಳಿದ ಮೇಲೆ ಏನು ಮಾಡುತ್ತೇನೆ ಎಂದು ಯೋಚಿಸಿರಲಿಲ್ಲ. ಅವಳೂ ಒಂದು ಸಲ ಬಾಗಿಲು ಬಡಿಯಬೇಕು, ಯಾರೂ ಬರಬಾರದು, ಅಷ್ಟೇ ಆಸೆ. ಆ ಆಸೆಯಿಂದ ನನಗೆ ಊಟ ಸೇರತೊಡಗಿತು. ಅದಕ್ಕೆ ಮುಂಚೆ ಸೇರುತ್ತಿರಲಿಲ್ಲ.

ಯಾರ ಮೇಲಾದರೂ ಹಗೆ ತೀರಿಸಿಕೊಳ್ಳಬೇಕಾದರೆ ಅವರ ದಿನಚರಿ ಗೊತ್ತಿರಬೇಕು. ಹಾಗೆ ನಾನು ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಲು ಹೊರಟೆ. ಗೇಟಿಗೆ ಒಂದು ಬೋರ್ಡು ಬರೆಸಿ ಹಾಕಿದೆ: ಇಲ್ಲಿ ಬ್ಲೌಸ್ ಹೊಲಿದುಕೊಡಲಾಗುವುದು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅಳತೆ ಕೊಡುವಾಗ ಹೆಂಗಸರು ಸುಮ್ಮನೆ ನಿಲ್ಲುವುದಿಲ್ಲ, ಮಾತಾಡುತ್ತಾರೆ. ಬೀದಿಯ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಅತ್ತೆಗೆ ಕಿವಿ ಕೇಳುವುದಿಲ್ಲ, ಯಾರ ಮನೆಗೆ ನೀರು ಯಾವ ಹೊತ್ತಿಗೆ ಬರುತ್ತದೆ, ಎಲ್ಲ ಎರಡು ತಿಂಗಳಲ್ಲಿ ನನಗೆ ಗೊತ್ತಾಯಿತು. ಬೀಗದ ಪದ್ಧತಿಯನ್ನೂ ಅವರೇ ಹೇಳಿದರು, ನಗುತ್ತಾ. ನೀವೂ ಹಾಕ್ಕೊಳಿ ಅಕ್ಕ, ಒಬ್ರೇ ಇರ್ತೀರಿ ಎಂದು ಬುದ್ಧಿ ಹೇಳಿದರು. ನಾನೂ ನಕ್ಕೆ.

ಎದುರು ಮನೆಯವಳು ಕೊನೆಗೆ ಬಂದಳು, ವರಮಹಾಲಕ್ಷ್ಮಿ ಹಬ್ಬದ ಸೀರೆಯ ಬ್ಲೌಸ್ ಹಿಡಿದುಕೊಂಡು. ಎದೆಯ ಸುತ್ತ ಟೇಪು ಹಿಡಿದೆ. ಅವಳ ಉಸಿರು ಟೇಪಿನೊಳಗೆ ಆರಾಮಾಗಿ ಏರಿ ಇಳಿಯಿತು. ನನ್ನ ತಂಗಿಯ ಅಳತೆ ತೆಗೆಯುವಾಗ ಅದು ಯಾವತ್ತೂ ಹಾಗೆ ಬಂದಿರಲಿಲ್ಲ. ಟೇಪನ್ನು ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿ ಎಳೆದೆ.

"ಕತ್ತು ಡೀಪ್ ಬೇಡ ಅಕ್ಕ, ಹಿಂದ್ಗಡೆ ಮುಚ್ಚಿರ್ಲಿ," ಎಂದಳು.

ಜಡೆ ಪಕ್ಕಕ್ಕೆ ಸರಿಸಿದೆ. ಕತ್ತಿನ ಹಿಂದೆ ಬೆರಳುದ್ದದ ಗಾಯದ ಗುರುತು, ಹೊಲಿಗೆ ಹಾಕಿದ್ದು. ತರೀಕೆರೆಯಲ್ಲಿ ಅಮ್ಮನ ಮನೆಯ ಮುಂದೆ ರಂಗೋಲಿ ಬಿಡುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಸರ ಎಳೆದರಂತೆ. ಸರ ಬೇಗ ಹರಿಯಲಿಲ್ಲವಂತೆ, ಇವಳನ್ನೇ ನಾಲ್ಕು ಮಾರು ಎಳೆದುಕೊಂಡು ಹೋದರಂತೆ. ಅದನ್ನು ಹೇಳುವಾಗ ಅವಳ ಕತ್ತು ನನ್ನ ಬೆರಳಿನ ಕೆಳಗೆ ನಡುಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ನಾನು ಬೆನ್ನು ಸವರುತ್ತಿದ್ದೆ. ಅವತ್ತು ಕತ್ತಿನ ಸುತ್ತಳತೆ ಬರೆದುಕೊಂಡು, ಬುಧವಾರ ಬಾ ಎಂದೆ. ಹೋಗುವಾಗ ತನ್ನ ಹೆಸರು ಹೇಳಿ ನನ್ನ ಫೋನ್ ನಂಬರ್ ಬರೆದುಕೊಂಡಳು. ನನ್ನ ಹೆಸರು ಕೇಳಿದಳು, ಹೇಳಿದೆ.

ಬ್ಲೌಸು ಚೆನ್ನಾಗಿ ಕೂತಿತು. ಅಲ್ಲಿಂದ ಅವಳು ಆಗಾಗ ಬರತೊಡಗಿದಳು, ಸಾರಿಗೆ ಹುಣಸೆಹಣ್ಣು ಕೇಳಿಕೊಂಡು, ಇಲ್ಲವೇ ಸುಮ್ಮನೆ. ನಾನೂ ಹೋದೆ, ಹಿಂಬಾಗಿಲಿನಿಂದ. ಆ ಬಾಗಿಲಿಗೆ ಹೊರಗಡೆಯೂ ಒಂದು ಚಿಲಕ ಇತ್ತು. ಎಲ್ಲರೂ ಊರಿಗೆ ಹೋದಾಗ ಹಾಕುವುದಕ್ಕೆ. ದಿನಾ ಹನ್ನೊಂದೂವರೆಗೆ ಅಡಿಗೆ ಮುಗಿಸಿ ಅವಳು ಹಿತ್ತಲಿಗೆ ಬಟ್ಟೆ ಹರವಲು ಬರುತ್ತಿದ್ದಳು. ನನಗೆ ಬೇಕಾದ್ದು ಅಷ್ಟೇ.

ಪೇಟೆಯಲ್ಲಿ ಒಂದು ಹಿತ್ತಾಳೆ ಬೀಗ ಕೊಂಡೆ. ಶ್ರಾವಣ ಮುಗಿದ ಮೇಲೆ, ಒಂದು ಮಂಗಳವಾರ ಹನ್ನೊಂದು ಗಂಟೆಗೆ ಸಂದಿಯಲ್ಲಿ ಹೋಗಿ, ಆ ಹೊರ ಚಿಲಕ ಎಳೆದು ಬೀಗ ಹಾಕಿದೆ. ಒಳಗೆ ಮಿಕ್ಸಿ ತಿರುಗುತ್ತಿತ್ತು, ಚಿಲಕದ ಸದ್ದು ಅವಳಿಗೆ ಕೇಳಿಸಲಿಲ್ಲ. ಮನೆಗೆ ಬಂದು ಮೆಷಿನ್ನಿಗೆ ಕೂತೆ. ಗೋಡೆ ಗಡಿಯಾರ ಎದುರಿಗಿತ್ತು.

ಹನ್ನೊಂದೂವರೆಗೆ ಹಿಂಬಾಗಿಲು ಬಡಿಯುವ ಸದ್ದು ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವಳು ಮುಂದಿನ ಕಿಟಕಿಗೆ ಬಂದಳು. ಪಕ್ಕದ ಮನೆಯವಳ ಹೆಸರು ಹಿಡಿದು ಕೂಗಿದಳು. ಆ ಮನೆಯವರು ಬೆಳಗ್ಗೆಯೇ ಬೀರೂರಿಗೆ ಹೋಗಿದ್ದು ನನಗೆ ಗೊತ್ತಿತ್ತು. ಆಚೆ ಮನೆಯವಳು ಟಿ.ವಿ. ಜೋರಾಗಿ ಹಾಕಿಕೊಳ್ಳುತ್ತಾಳೆ ಎನ್ನುವುದೂ ಗೊತ್ತಿತ್ತು. ಆಮೇಲೆ ನನ್ನನ್ನು ಕರೆದಳು, ಹೆಸರು ಸೇರಿಸಿ ಅಕ್ಕಾ ಎಂದು. ನಾನು ಪೆಡಲ್ ತುಳಿಯುತ್ತಿದ್ದೆ. ಮೆಷಿನ್ನಿನ ಮೇಲೆ ಇಟ್ಟಿದ್ದ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಸೂಜಿಯಲ್ಲಿ ದಾರ ಇರಲಿಲ್ಲ, ಅದು ಆಮೇಲೆ ಗೊತ್ತಾಯಿತು. ಬಟ್ಟೆಯ ಉದ್ದಕ್ಕೂ ಬರೀ ತೂತು ಬಿದ್ದಿದ್ದವು.

ಅವಳ ದನಿ ಅಳುವಾಯಿತು. ಅದನ್ನು ಕೇಳಿ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಳಲಿ ಎಂದುಕೊಂಡೆ. ನನ್ನ ತಂಗಿಗೆ ಅಳುವಷ್ಟು ಉಸಿರೂ ಇರಲಿಲ್ಲ. ಇಪ್ಪತ್ತು ನಿಮಿಷ ತುಂಬಿದ ಮೇಲೆ ಎದ್ದು, ಸೆರಗು ಸರಿ ಮಾಡಿಕೊಂಡು ಬೀದಿ ದಾಟಿದೆ.

ಅವಳು ಕಿಟಕಿಯ ಸರಳುಗಳ ನಡುವೆ ಕೈ ಚಾಚಿಕೊಂಡು ನಿಂತಿದ್ದಳು. ಕೈಯಲ್ಲಿ ಮುಂಬಾಗಿಲಿನ ಕೀಲಿ. ಎಷ್ಟು ಹೊತ್ತಿನಿಂದ ಹಾಗೆ ಚಾಚಿದ್ದಳೋ, ಮೊಣಕೈ ಸರಳಿಗೆ ಒತ್ತಿ ಕೆಂಪಾಗಿತ್ತು.

"ಹಿಂದಿನ ಬಾಗ್ಲಿಗೆ ಯಾರೋ ಬೀಗ ಹಾಕ್ಬಿಟ್ಟಿದಾರೆ ಅಕ್ಕ. ಇವರು ಫೋನ್ ತೆಗೀತಿಲ್ಲ, ಕ್ಲಾಸಲ್ಲಿರ್ತಾರೆ. ಬೇಗ ತೆಗೀರಿ, ಕೈ ಮುಗೀತೀನಿ."

ನಾನು ಕೀಲಿ ತೆಗೆದುಕೊಂಡೆ. ಬೀಗದ ಕಡೆ ಹೋಗಲಿಲ್ಲ.

"ನನ್ನ ತಂಗಿಗೆ ಉಸಿರು ಕಟ್ಟಿದ ದಿನ ನೀನೆಲ್ಲಿದ್ದೆ?"

"ತರೀಕೇರೀಲಿ..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ನಂಗೇನ್ ಅವಸರ ಇಲ್ಲ ಕಣಮ್ಮ. ಇಲ್ಲೇ ನಿಂತಿರ್ತೀನಿ."

ಅವಳು ಸರಳು ಹಿಡಿದುಕೊಂಡಳು.

"ಒಳಗೇ ಇದ್ದೆ," ಎಂದಳು. "ಈ ಕಿಟಕೀಲೇ ನಿಂತಿದ್ದೆ, ಪರದೆ ಹಿಂದೆ. ನೀವು ಗೇಟ್ ಅಲ್ಲಾಡಿಸ್ತಿದ್ರಿ, ಕೂದ್ಲೆಲ್ಲ ಕೆದರಿತ್ತು. ಯಾರು ಅಂತ ಗೊತ್ತಾಗ್ಲಿಲ್ಲ ಅಕ್ಕ. ಎದುರು ಮನೇರು ಅಂತಾನೂ ಗೊತ್ತಾಗ್ಲಿಲ್ಲ."

ಆ ವಾರ ಅವಳ ಮೊಬೈಲಿಗೆ ಒಂದು ವಿಡಿಯೊ ಬಂದಿತ್ತಂತೆ. ಹೆಂಗಸೊಬ್ಬಳು ಅಳುತ್ತಾ ಬಂದು ಗೇಟು ಬಡಿಯುತ್ತಾಳೆ, ಬಾಗಿಲು ತೆಗೆದರೆ ಹಿಂದೆ ಅವಿತಿದ್ದ ಗಂಡಸರು ನುಗ್ಗುತ್ತಾರೆ, ತೆಗೆಯಬೇಡಿ ಎಂದು. ನನ್ನನ್ನು ನೋಡಿ ಅವಳಿಗೆ ಅದೇ ನೆನಪಾಯಿತಂತೆ. ಕತ್ತು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳಂತೆ. ಆಮೇಲೆ ಆಟೋ ಬಂದು, ನಾನು ತಂಗಿಯನ್ನು ಎತ್ತಿಕೊಂಡು ಹೊರಗೆ ಬಂದಾಗ ಗೊತ್ತಾಯಿತಂತೆ.

ಒಂದೂ ಕಾಲು ವರ್ಷ ನಾವು ಎದುರುಬದುರು ಇದ್ದೆವು. ಅವಳಿಗೆ ನನ್ನ ಮುಖ ಗೊತ್ತಿರಲಿಲ್ಲ. ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದು ಹೆಸರು ಹಿಡಿದು ಕೂಗಿದ್ದರೆ ಅವಳು ಬಾಗಿಲು ತೆಗೆಯುತ್ತಿದ್ದಳೋ ಏನೋ. ಇದನ್ನು ಯೋಚಿಸಿದಾಗೆಲ್ಲ ನನಗೆ ನನ್ನ ಮೇಲೂ ಸಿಟ್ಟು ಬರುತ್ತದೆ. ಅವತ್ತು ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮುಂಬಾಗಿಲು ತೆಗೆದೆ. ಅಡಿಗೆಮನೆ ದಾಟಿ ಹಿತ್ತಲ ಕಿಟಕಿಯ ಹತ್ತಿರ ಹೋಗಿ ನಿಲ್ಲು ಎಂದು ಅವಳಿಗೆ ಹೇಳಿ, ಹೊರಗಿನಿಂದ ಸುತ್ತಿ ಹೋಗಿ, ಅವಳು ನೋಡುತ್ತಿರುವಂತೆಯೇ ನನ್ನ ಕತ್ತಿನ ದಾರದಲ್ಲಿದ್ದ ಕೀಲಿಯಿಂದ ಹಿತ್ತಾಳೆ ಬೀಗ ತೆಗೆದೆ. ಮುಚ್ಚಿಡಲು ನನಗೆ ಮನಸ್ಸಿರಲಿಲ್ಲ. ಅವಳು ಕೀಲಿ ನೋಡಿದಳು, ನನ್ನನ್ನು ನೋಡಿದಳು.

"ಕಾರು ತೆಗಿ," ಎಂದೆ. "ಆಸ್ಪತ್ರೆಗೆ ಹೋಗ್ಬೇಕು."

ಯಾರಿಗೇನಾಯಿತು ಎಂದು ಅವಳು ಕೇಳಲಿಲ್ಲ. ನೈಟಿಯ ಮೇಲೆ ಒಂದು ವೇಲು ಹೊದ್ದು, ಕಾರಿನ ಮುಸುಕು ತೆಗೆದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ, ಒಂದು ಮೂಲೆಗೆ ಸರಿದು, ತೊಡೆಯ ಮೇಲೆ ಒಂದು ತಲೆ ಇಡುವಷ್ಟು ಜಾಗ ಬಿಟ್ಟು. ಕಾರು ಗೇಟು ದಾಟುವಾಗ ಫೋನಿನಲ್ಲಿ ಸಮಯ ನೋಡಿಕೊಂಡೆ. ಅವಳು ಚೆನ್ನಾಗಿ ಓಡಿಸಿದಳು. ಸಂತೆ ದಿನವಲ್ಲ, ರಸ್ತೆಯಲ್ಲಿ ತಡೆ ಇರಲಿಲ್ಲ. ಒಂದು ಎಮ್ಮೆ ಅಡ್ಡ ಬಂದಾಗ ಮಾತ್ರ ನಿಂತೆವು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದಳು.

"ಏಳು ನಿಮಿಷ," ಎಂದೆ.

ಅವಳು ಹಿಂದಕ್ಕೆ ತಿರುಗಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು.

"ಗೊತ್ತು ಅಕ್ಕ. ನೀವು ಊರಿಗೆ ಹೋಗಿದ್ದಾಗ ನಾನೂ ಒಬ್ಳೇ ಬಂದು ನೋಡ್ಕೊಂಡ್ ಹೋದೆ. ಎಂಟಾಯ್ತು ನಂಗೆ."

ಆರು ತಿಂಗಳು ನಾನು ಕಾದಿಟ್ಟುಕೊಂಡಿದ್ದ ಏಟು ಅದು. ಅವಳು ಅದನ್ನು ಆಗಲೇ, ನನಗಿಂತ ಮುಂಚೆ, ತಾನೇ ಹೊಡೆದುಕೊಂಡಿದ್ದಳು. ನನಗೆ ಕರುಣೆ ಬರಬೇಕಿತ್ತು. ಬಂದದ್ದು ಮೋಸ ಹೋದ ಸಿಟ್ಟು. ನನ್ನ ಕೈಗೆ ಏನೂ ಉಳಿಸಿರಲಿಲ್ಲ ಇವಳು. ಗೇಟಿನವನು ಬಂದು ರೋಗಿ ಎಲ್ಲಿ ಎಂದು ಕೇಳಿದ. ಇಲ್ಲ ಎಂದೆ. ಇಲ್ಲದಿದ್ದರೆ ಗಾಡಿ ತೆಗೀರಿ ಎಂದ. ತೆಗೆದಳು.

ಬೀಗದ ವಿಷಯ ಅವಳು ಗಂಡನಿಗೆ ಹೇಳಲಿಲ್ಲ. ಬೀದಿಯಲ್ಲೂ ಯಾರಿಗೂ ಹೇಳಲಿಲ್ಲ. ವಾರ ಕಳೆದ ಮೇಲೆ ತನ್ನ ಮನೆಯ ಎರಡು ಬಾಗಿಲುಗಳ ಇನ್ನೊಂದು ಜೊತೆ ಕೀಲಿ ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟಳು. ನಿಮ್ಮ ಹತ್ರ ಇರ್ಲಿ ಎಂದಳು, ಅಷ್ಟೇ. ನಾನು ನನ್ನದನ್ನು ಕೊಡಲಿಲ್ಲ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ನಮ್ಮ ಮನೆಯ ಇನ್ನೊಂದು ಕೀಲಿಯನ್ನು ಅವಳೇ ತೆಗೆದುಕೊಂಡು ಹೋದಳು, ನಾನು ಬೇಡ ಎನ್ನಲಿಲ್ಲ.

ಈಗ ಬೀದಿಯ ಮೂರು ಮನೆಗಳಲ್ಲಿ ಹಗಲು ಬೀಗ ಇಲ್ಲ. ಪರಿಚಯ ಬೆಳೆದಂತೆ ಒಂದೊಂದಾಗಿ ಇಳಿದವು. ತುದಿ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ನಾಲ್ಕು ಜನ ಓಡಿ ಹೋದೆವು, ಎದುರು ಮನೆಯವಳೇ ಕಾರು ತೆಗೆದಳು. ನೀವು ಬೋರ್ಡ್ ಹಾಕಿದ್ಮೇಲೆ ಕಣ್ರೀ ಈ ಬೀದಿಗೆ ಜೀವ ಬಂದಿದ್ದು ಎಂದು ಅಜ್ಜಿಯ ಮಗ ಹೇಳಿದರು. ಆ ಬೋರ್ಡನ್ನು ಯಾಕೆ ಹಾಕಿದೆ ಎಂದು ನಾನು ಹೇಳಲಿಲ್ಲ. ಅಜ್ಜಿ ಬದುಕಿದ್ದು ಒಳ್ಳೆಯದೇ. ಆದರೂ ಕಾರು ಗೇಟು ದಾಟುವಾಗ ನನ್ನ ಹೊಟ್ಟೆ ಉರಿಯಿತು. ನನ್ನ ತಂಗಿಗೆ ತೆಗೆಯದ ಬಾಗಿಲು ಅದು.

ನಾನೂ ಬಾಗಿಲು ತೆರೆದುಕೊಂಡೇ ಹೊಲಿಯುತ್ತೇನೆ. ಒಬ್ಬಳೇ ಇದ್ದರೂ ಹೆದರಿಕೆಯಿಲ್ಲ. ನನಗೇನಾದರೂ ಆದರೆ ಯಾರು ಓಡಿ ಬರುತ್ತಾರೆ ಎಂದು ಗೊತ್ತಿದೆ. ಹಿತ್ತಾಳೆ ಬೀಗ ತಂಗಿಯ ಹುಕ್ಕಿನ ಡಬ್ಬಿಯಲ್ಲಿದೆ. ತಿಂಗಳಿಗೊಮ್ಮೆ ಮೆಷಿನ್ನಿಗೆ ಎಣ್ಣೆ ಬಿಡುವಾಗ ಅದಕ್ಕೂ ಒಂದು ತೊಟ್ಟು ಬಿಡುತ್ತೇನೆ.

ದಿನಾ ಹನ್ನೊಂದು ಗಂಟೆಗೆ ಅವಳು ಕಿಟಕಿಗೆ ಬಂದು ನನ್ನ ಹೆಸರು ಹಿಡಿದು, ಇದೀರಾ ಅಕ್ಕಾ ಎಂದು ಕೂಗುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಶುರು ಮಾಡಿದ್ದು. ನಾನು ಮೆಷಿನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಮೊದಲ ಸಲಕ್ಕೆ ಓಗೊಡುವುದಿಲ್ಲ. ಎರಡನೇ ಸಲ ಕೂಗುವವರೆಗೆ ಕಾಯುತ್ತೇನೆ. ಎರಡನೇ ಸಲದ ಆ ದನಿಯಲ್ಲಿ ಒಂದು ಗಾಬರಿ ಇರುತ್ತದೆ. ಅದನ್ನು ಕೇಳಿದ ಮೇಲೆ, ಇದೀನಿ ಎನ್ನುತ್ತೇನೆ.